ಅರ್ಧಕ್ಕೆ ನಿಂತ ಕೌದಿ

ಮಾಡಲೇಬೇಕಾದ ಕೆಲಸವನ್ನು ಬಿಟ್ಟರೆ ಕೇಳುವವರು ಬಹಳ ಮಂದಿ. ಅಡಿಗೆ ಮಾಡದಿದ್ದರೆ ಮನೆಯವರು ಕೇಳುತ್ತಾರೆ. ಕಚೇರಿಗೆ ಹೋಗದಿದ್ದರೆ ಸಾಹೇಬರು ಕೇಳುತ್ತಾರೆ. ಬಾಡಿಗೆ ಕೊಡದಿದ್ದರೆ ಮನೆಯ ಮಾಲಿಕ ಬಾಗಿಲಿಗೇ ಬಂದು ನಿಲ್ಲುತ್ತಾನೆ. ಆದರೆ ಯಾರೂ ಹೇಳದೆ, ಯಾರ ಒತ್ತಾಯವೂ ಇಲ್ಲದೆ, ಕೇವಲ ತನ್ನ ಸಂತೋಷಕ್ಕೆಂದು ಹಚ್ಚಿಕೊಂಡ ಕೆಲಸವನ್ನು ಬಿಟ್ಟುಬಿಟ್ಟರೆ ಕೇಳುವವರು ಯಾರು? ಯಾರೂ ಇಲ್ಲ. ಆದರೂ ಅದನ್ನು ಬಿಟ್ಟವರ ಮನಸ್ಸಿನ ಮೂಲೆಯಲ್ಲಿ ಒಂದು ಚುಚ್ಚು ಇದ್ದೇ ಇರುತ್ತದೆ. ವೀಣೆಗೆ ಗವಸು ಹಾಕಿ ಗೋಡೆಗೆ ಒರಗಿಸಿದವರನ್ನು ಕೇಳಿ ನೋಡಿ; ಬಣ್ಣದ ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಿದವರನ್ನು ಕೇಳಿ ನೋಡಿ. "ಮತ್ತೆ ಶುರು ಮಾಡಬೇಕು, ಮನಸ್ಸೇ ಬರುವುದಿಲ್ಲ" ಎನ್ನುತ್ತಾರೆ, ತಪ್ಪು ಮಾಡಿದವರಂತೆ.

ಈ ಚುಚ್ಚು ನ್ಯಾಯವಾದದ್ದೆ? ಹವ್ಯಾಸಕ್ಕೂ ನಾವು ಋಣಿಗಳೆ? ಹೋದ ಉತ್ಸಾಹವನ್ನು ಮರಳಿ ತರಲು ಸಾಧ್ಯವೆ, ಸಾಧ್ಯವಿದ್ದರೂ ತರಬೇಕೆ?

ಇದು ನನಗೆ ಬರಿಯ ತರ್ಕದ ಪ್ರಶ್ನೆಯಾಗಿದ್ದರೆ ಸಂಘದ ಪತ್ರಿಕೆಯ ಇಷ್ಟು ಪುಟಗಳನ್ನು ತುಂಬಿಸುವ ಸಾಹಸಕ್ಕೆ ಕೈ ಹಾಕುತ್ತಿರಲಿಲ್ಲ. ನಮ್ಮ ಡೊಂಬಿವಲಿಯ ಮನೆಯಲ್ಲಿ, ಮಂಚದ ಕೆಳಗೆ, ಒಂದು ಕಬ್ಬಿಣದ ಟ್ರಂಕು ಇದೆ. ಅದರೊಳಗೆ ಮುಕ್ಕಾಲು ಭಾಗ ಹೊಲಿದ ಕೌದಿಯೊಂದು ಮೂರು ವರ್ಷ ಮಡಿಸಿದ್ದು ಮಡಿಸಿದಂತೆಯೇ ಇತ್ತು. ಅದರ ಒಂದು ಅಂಚಿನಿಂದ ನಾನು, ಎದುರಿನ ಅಂಚಿನಿಂದ ನಮ್ಮ ಅಕ್ಕ ಹೊಲಿಯುತ್ತ ಬಂದಿದ್ದೆವು. 2021ರ ಏಪ್ರಿಲಿನಲ್ಲಿ, ಕೋವಿಡ್‌ನ ಎರಡನೆಯ ಅಲೆಯಲ್ಲಿ, ಅಕ್ಕ ತೀರಿಕೊಂಡಳು. ಠಾಣೆಗೂ ಡೊಂಬಿವಲಿಗೂ ಲೋಕಲ್ ಗಾಡಿಯಲ್ಲಿ ಅರ್ಧ ಗಂಟೆಯ ದಾರಿ. ಆ ಅರ್ಧ ಗಂಟೆಯನ್ನು ದಾಟಿ ಅವಳ ಮುಖ ನೋಡಲು ನನಗೆ ಆಗಲಿಲ್ಲ. ಕೌದಿ ನಿಂತದ್ದು ಅಂದಿನಿಂದ.

ಕೌದಿಯೆಂದರೆ ಏನೆಂದು ಗದಗ, ಧಾರವಾಡ, ವಿಜಯಪುರದ ಕಡೆಯವರಿಗೆ ಹೇಳಬೇಕಾಗಿಲ್ಲ. ಕರಾವಳಿಯಿಂದ, ಮೈಸೂರು ಸೀಮೆಯಿಂದ ಬಂದ ಓದುಗರಿಗಾಗಿ ಎರಡು ಮಾತು. ಹಳೆಯ ಸೀರೆ, ಧೋತರ, ಮಕ್ಕಳ ಅಂಗಿ, ದರ್ಜಿಯ ಅಂಗಡಿಯ ಚಿಂದಿ, ಇವುಗಳನ್ನು ಒಂದರ ಮೇಲೊಂದು ನಾಲ್ಕೈದು ಪದರಗಳಾಗಿ ಹಾಸಿ, ಮೇಲಿನ ಪದರಕ್ಕೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಎಲ್ಲವನ್ನೂ ಸಾಲುಸಾಲಾಗಿ ಕೈಹೊಲಿಗೆಯಲ್ಲಿ ಬಿಗಿದರೆ ಆಗುವುದು ಕೌದಿ. ಹಾಸಲೂ ಬರುತ್ತದೆ, ಹೊದೆಯಲೂ ಬರುತ್ತದೆ. ನಮ್ಮ ಮರಾಠಿ ನೆರೆಹೊರೆಯವರು ಇದನ್ನು ಗೋಧಡಿ ಎನ್ನುತ್ತಾರೆ. ಬಂಗಾಲದಲ್ಲಿ ಇದರ ಬಂಧು ಕಾಂಥಾ, ಬಿಹಾರದಲ್ಲಿ ಸುಜನಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳು ಈಗ ದೇಶವಿದೇಶಗಳಲ್ಲಿ ಹೆಸರು ಮಾಡಿವೆ. ಅವರು ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೂ ಬಟ್ಟೆಯ ಹೂವು ಇಟ್ಟ ಮೇಲೆಯೇ ಕೌದಿ ಪೂರ್ಣವಾಯಿತೆಂದು ಭಾವಿಸುತ್ತಾರೆ. ನಮ್ಮ ತವರಿನಲ್ಲಿಯೂ ಅಂಚಿನಿಂದ ನಡುವಿಗೆ ಬರುವುದೇ ರೂಢಿ.

ಕನ್ನಡದ ಹಳೆಯ ಮಾತಿನಲ್ಲಿ ಇದಕ್ಕೆ ಬೊಂತೆ ಎಂದು ಹೆಸರು. "ಕಂತೆಗೆ ತಕ್ಕ ಬೊಂತೆ" ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಗಾದೆಯಲ್ಲಿ ತಾತ್ಸಾರವಿದೆ, ನಿಜ. ಆದರೆ ಚಿಂದಿಯನ್ನು ಗೌರವದಿಂದ ಕಂಡವರೂ ನಮ್ಮ ದೇಶದಲ್ಲಿ ಇದ್ದರು. ಬುದ್ಧನು ಮಗಧದ ಗದ್ದೆಗಳನ್ನೂ ಅವುಗಳ ನಡುವಿನ ಬದುಗಳನ್ನೂ ಆನಂದನಿಗೆ ತೋರಿಸಿ, ಭಿಕ್ಷುಗಳ ಚೀವರವನ್ನು ಹಾಗೆಯೇ ತುಂಡುತುಂಡು ಜೋಡಿಸಿ ಹೊಲಿಯುವಂತೆ ಹೇಳಿದನೆಂದು ವಿನಯಪಿಟಕದಲ್ಲಿ ಇದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಯ ಕಾಯಕದ ರಾಮಿತಂದೆ ಎಂಬವರೊಬ್ಬರಿದ್ದರು. ಸೂಜಿಯೇ ಅವರ ಹೆಸರಿನ ಭಾಗವಾಗಿತ್ತು.

ನಾನು ಮದುವೆಯಾಗಿ ಮುಂಬಯಿಗೆ ಬಂದದ್ದು 1974ರಲ್ಲಿ. ಅಕ್ಕ ನನಗಿಂತ ಆರು ವರ್ಷ ಮೊದಲೇ ಬಂದು ಪರಳದ ಚಾಳೊಂದರಲ್ಲಿ ಸಂಸಾರ ಹೂಡಿದ್ದಳು. ಭಾವನವರು ಗಿರಣಿಯ ಕಾರ್ಮಿಕರು. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಗಿರಣಿಗಳ ಮುಷ್ಕರ ಆರಂಭವಾಯಿತು. ಸುಮಾರು 2.5 ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಇಂದು ಮುಗಿದೀತು, ನಾಳೆ ಮುಗಿದೀತು ಎನ್ನುತ್ತ ವರ್ಷವೇ ಕಳೆಯಿತು. ಎಷ್ಟೋ ಮಂದಿಗೆ ಕೆಲಸ ಮರಳಿ ಸಿಗಲೇ ಇಲ್ಲ, ಭಾವನವರಿಗೂ ಸಿಗಲಿಲ್ಲ. ಆ ದಿನಗಳಲ್ಲಿ ಅಕ್ಕ ಚಾಳಿನ ಹೆಂಗಸರಿಗೆ, ಆಚೆ ಓಣಿಯವರಿಗೆ, ಕೂಲಿಗೆ ಗೋಧಡಿ ಹೊಲಿದುಕೊಟ್ಟು ಮನೆ ನಡೆಸಿದಳು. ಹಗಲಿನಲ್ಲಿ ಗ್ಯಾಲರಿಯ ಬೆಳಕಿನಲ್ಲಿ, ರಾತ್ರಿ ನಲವತ್ತು ಕ್ಯಾಂಡಲಿನ ದೀಪದಡಿಯಲ್ಲಿ. ಬಟ್ಟೆ ನೇಯುವ ಗಿರಣಿಗಳು ನಿಂತ ಊರಿನಲ್ಲಿ ಹರಿದ ಬಟ್ಟೆಯನ್ನು ಜೋಡಿಸುವ ಸೂಜಿ ಒಂದು ಸಂಸಾರವನ್ನು ಸಾಕಿತು.

ಕಾಲ ತಿರುಗಿತು. ಮಗ ಕಲಿತು ನೌಕರಿ ಹಿಡಿದ. ಠಾಣೆಯಲ್ಲಿ ಮನೆಯಾಯಿತು. ಕೌದಿ ಹೊಲಿಯುವ ಅಗತ್ಯ ಅಕ್ಕನಿಗೆ ಉಳಿಯಲಿಲ್ಲ. ಆದರೆ ಅವಳು ಬಿಡಲಿಲ್ಲ. ಪ್ರತಿ ಶನಿವಾರ ಮಧ್ಯಾಹ್ನ ನಾನು ಅವಳ ಮನೆಗೆ ಹೋಗುವುದು, ಇಬ್ಬರೂ ನೆಲದ ಮೇಲೆ ಬಟ್ಟೆ ಹಾಸಿಕೊಂಡು ಹೊಲಿಯುವುದು, ಇದು ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು. ಒಮ್ಮೆ ನಾನು, "ಅಕ್ಕಾ, ಆಗಿನ ಹೊಲಿಗಿಗೂ ಈಗಿನ ಹೊಲಿಗಿಗೂ ಏನ ಫರಕ?" ಎಂದು ಕೇಳಿದೆ. ಅವಳು ದಾರವನ್ನು ಹಲ್ಲಿನಿಂದ ಕಡಿದು ಹೇಳಿದಳು: "ಆಗ ಬ್ಯಾಸರಾಗಿತ್ತು, ಬಿಡಾಕ ಬರತಿರಲಿಲ್ಲ. ಈಗ ಬಿಡಾಕ ಬರತೈತಿ, ಬಿಡಾಕ ಮನಸಿಲ್ಲ."

ಕಾಯಕಕ್ಕೂ ಹವ್ಯಾಸಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಮಾತನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ಕಾಯಕದಲ್ಲಿ ಮನಸ್ಸು ಸೋತಾಗ ಹಸಿವೆಯೇ ಕೈಹಿಡಿದು ಎಳೆಯುತ್ತದೆ. ಹವ್ಯಾಸದಲ್ಲಿ ಎಳೆಯುವವರು ಯಾರೂ ಇಲ್ಲ; ಗಾಡಿಗೆ ಕಟ್ಟಿದ ಎತ್ತು ಮನಸ್ಸೊಂದೇ. ಅದು ಮಲಗಿಬಿಟ್ಟರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಸ್ವಾತಂತ್ರ್ಯಕ್ಕೆ ನಾವು ತೆರುವ ಬೆಲೆ ಇದು.

ನನ್ನ ಎತ್ತು ಏಕೆ ಮಲಗಿತೆಂದು ಈಗ ಯೋಚಿಸಿದರೆ ಮೂರು ಕಾರಣಗಳು ತೋರುತ್ತವೆ. ನನ್ನಂತೆ ಕೈಕೆಲಸ ಬಿಟ್ಟು ಕುಳಿತವರಿಗೆ ಇವುಗಳಲ್ಲಿ ಒಂದಾದರೂ ತಮ್ಮದೆನಿಸಬಹುದು.

ಮೊದಲನೆಯದು ಬೆಲೆ. ಒಂದು ದೊಡ್ಡ ಕೌದಿಗೆ ನನ್ನಂಥವಳ ಕೈಯಲ್ಲಿ ಮೂರು ನಾಲ್ಕು ತಿಂಗಳು ಬೇಕು. ಸೊಲ್ಲಾಪುರದ ಚಾದರವೋ ಪಾಣಿಪತ್ತಿನ ಕಂಬಳಿಯೋ ಕೆಲವೇ ನೂರು ರೂಪಾಯಿಗೆ ಬಾಗಿಲಿಗೆ ಬರುತ್ತದೆ. "ಅತ್ತೆ, ಕಣ್ಣು ಯಾಕೆ ಕೆಡಿಸಿಕೊಳ್ಳುತ್ತೀರಿ, ಫೋನಿನಲ್ಲಿ ಒತ್ತಿದರೆ ನಾಳೆ ಬರುತ್ತದೆ" ಎಂದು ಸೊಸೆ ಪ್ರೀತಿಯಿಂದಲೇ ಹೇಳುತ್ತಾಳೆ. ಲೆಕ್ಕ ಹಾಕಿದರೆ ಅವಳ ಮಾತು ಸರಿ. ಆದರೆ ಲೆಕ್ಕ ಹಾಕುವ ಬುದ್ಧಿ ಒಮ್ಮೆ ಒಳಗೆ ಬಂದರೆ ಪ್ರತಿ ಹೊಲಿಗೆಗೂ ಕಾಸು ಕೇಳುತ್ತದೆ. ಕೈ ತಾನಾಗಿ ನಿಧಾನವಾಗುತ್ತದೆ.

ಎರಡನೆಯದು ಹೊಗಳಿಕೆ. ಇದು ಹೊರಗಿನ ಶತ್ರುವಿನಂತೆ ಕಾಣುವುದಿಲ್ಲ. ಆದ್ದರಿಂದಲೇ ಹೆಚ್ಚು ಅಪಾಯಕಾರಿ. ಒಂದು ವರ್ಷ ರಾಜ್ಯೋತ್ಸವದ ಪ್ರದರ್ಶನದಲ್ಲಿ ನಮ್ಮ ಕೌದಿಯೊಂದನ್ನು ಗೋಡೆಗೆ ತೂಗುಹಾಕಿದರು. ಬಂದವರೆಲ್ಲ ಮೆಚ್ಚಿದರು, ಚಿತ್ರ ತೆಗೆದುಕೊಂಡರು. ಅಂದಿನಿಂದ ನನ್ನ ಹೊಲಿಗೆ ಕೆಟ್ಟಿತು. ಸಾಲು ನೇರವಾಗಿದೆಯೆ, ಬಣ್ಣ ಹೊಂದಿತೆ, ನೋಡಿದವರು ಏನೆಂದಾರು, ಎನ್ನುತ್ತ ಹೊಲಿದದ್ದನ್ನೇ ಬಿಚ್ಚಿ ಬಿಚ್ಚಿ ಹೊಲಿಯತೊಡಗಿದೆ. ಕಸೂತಿಯ ಮಾತು ಬೇರೆ. ಗವಂತಿ, ಮುರಗಿಗಳಲ್ಲಿ ಎರಡೂ ಬದಿ ಒಂದೇ ತೆರನಾಗಿ ಕಾಣಬೇಕು, ಗಂಟು ತೋರಬಾರದು. ಅದು ಕಣ್ಣಿಗಾಗಿ ಹುಟ್ಟಿದ ಕಲೆ. ಕೌದಿ ಹುಟ್ಟಿದ್ದು ಬೆನ್ನಿಗಾಗಿ. ಅದು ನಿಜವಾಗಿ ಕೆಲಸ ಮಾಡುವುದು ದೀಪ ಆರಿಸಿದ ಮೇಲೆ, ಯಾರೂ ನೋಡದಾಗ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಎಂಬ ಹಳ್ಳಿಯಿದೆ. ಗುಲಾಮಗಿರಿಯಿಂದ ಬಿಡುಗಡೆಯಾದವರ ವಂಶದ ಕಪ್ಪು ಹೆಂಗಸರು ಅಲ್ಲಿ ಮನೆಯ ಚಳಿ ತಡೆಯಲೆಂದು ಹಳೆಯ ಬಟ್ಟೆಗಳಿಂದ ಹೊದಿಕೆ ಹೊಲಿಯುತ್ತಿದ್ದರು. 2002ರಲ್ಲಿ ಅವು ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದ ಗೋಡೆ ಏರಿದವು; ನೋಡಿದವರು ಬೆರಗಾದರು. ಆದರೆ ಅವು ಅಷ್ಟು ಚೆಂದವಾಗಿ ಬಂದದ್ದು ಗೋಡೆಯ ನೆನಪಿಲ್ಲದೆ ಹೊಲಿದದ್ದರಿಂದ ಎಂದು ನನಗೆ ತೋರುತ್ತದೆ.

ಮೂರನೆಯದು ದುಃಖ. ಅಕ್ಕ ಹೋದ ಮೇಲೆ ಸೂಜಿ ಹಿಡಿಯುವುದೇ ಅವಳಿಗೆ ಬಗೆದ ದ್ರೋಹವೆನಿಸಿತು. ಇಬ್ಬರ ಸಂತೋಷವನ್ನು ಒಬ್ಬಳೇ ಉಣ್ಣುವುದು ಹೇಗೆ? ಅವಳ ಹೊಲಿಗೆಯ ಪಕ್ಕದಲ್ಲಿ ನನ್ನ ಹೊಲಿಗೆ ಬಂದು ಕೊನೆಗೆ ಕೌದಿ ಮುಗಿದರೆ, ಅವಳೂ ಮುಗಿದಂತೆಯೇ ಅಲ್ಲವೆ? ಬಾಯಿಬಿಟ್ಟು ಹೇಳಲಿಲ್ಲವಾದರೂ ಇದೇ ನನ್ನ ನಿಜವಾದ ಭಯವಾಗಿತ್ತು. ಅದೇ ಗೀಸ್ ಬೆಂಡಿನ ಮಿಸೌರಿ ಪೆಟ್‌ವೇ ಎಂಬ ಹೆಂಗಸಿನ ಸಂಗತಿಯನ್ನು ಆಮೇಲೆ ಓದಿದೆ. 1942ರಲ್ಲಿ ಗಂಡ ತೀರಿಕೊಂಡಾಗ ಆಕೆ ಅವನ ದುಡಿಮೆಯ ಬಟ್ಟೆಗಳನ್ನೆಲ್ಲ ಕತ್ತರಿಸಿ ಒಂದು ಹೊದಿಕೆ ಹೊಲಿದಳು; ಅವನ ನೆನಪಿಗೆಂದು, ಅವನ ಪ್ರೀತಿಯನ್ನು ಹೊದ್ದು ಮಲಗಲೆಂದು. ಅದನ್ನು ಓದಿ ನನಗೆ ನಾಚಿಕೆಯಾಯಿತು. ಆಕೆ ನೆನಪನ್ನು ಹೊದ್ದುಕೊಂಡಳು. ನಾನು ನೆನಪಿಗೆ ಬೀಗ ಹಾಕಿದ್ದೆ.

ಇಷ್ಟಾದರೂ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಹವ್ಯಾಸವನ್ನು ಬಿಡುವುದು ಪಾಪವಲ್ಲ. ಹೊಲವನ್ನು ಒಂದೆರಡು ವರ್ಷ ಬೀಳು ಬಿಟ್ಟ ರೈತನನ್ನು ನಾವು ಸೋಮಾರಿ ಎನ್ನುವುದಿಲ್ಲ. ಕೆಲವು ಹವ್ಯಾಸಗಳಂತೂ ನಿಜವಾಗಿಯೇ ಮುಗಿದಿರುತ್ತವೆ. ಅವುಗಳನ್ನು ಕೈಮುಗಿದು ಬೀಳ್ಕೊಡುವುದೇ ಸರಿ. ಮನಸ್ಸಿಲ್ಲದ ಮನಸ್ಸಿನಿಂದ ಎಳೆದಾಡುವುದಕ್ಕಿಂತ ಸೂಜಿ, ಕತ್ತರಿಗಳನ್ನು ಬೇಕಾದವರಿಗೆ ಕೊಡುವುದು ಮೇಲು. ಆದರೆ ಬೀಳು ಬಿಟ್ಟಿದ್ದೇವೆಯೋ ಹೊಲವನ್ನೇ ಬಿಟ್ಟಿದ್ದೇವೆಯೋ ಎಂದು ತಿಳಿಯುವುದು ಹೇಗೆ?

ನನಗೆ ಅದನ್ನು ತಿಳಿಸಿಕೊಟ್ಟವಳು ಭಾಂಡೇವಾಲಿ. ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುವ ಆ ಹೆಂಗಸರನ್ನು ಮುಂಬಯಿಯಲ್ಲಿ ಸಂಸಾರ ಮಾಡಿದ ಯಾವ ಗೃಹಿಣಿ ತಾನೆ ಅರಿಯಳು? ಒಂದು ಮಧ್ಯಾಹ್ನ ಬಂದವಳ ಮುಂದೆ ಹಳೆಯ ಬಟ್ಟೆಗಳ ಗಂಟನ್ನು ಬಿಚ್ಚಿದೆ. ನೈಲಾನು, ಪಾಲಿಯೆಸ್ಟರು ಎಲ್ಲ ಕೊಟ್ಟೆ. ಕೊನೆಗೆ ನನ್ನ ಒಂದು ಇಳಕಲ್ ಸೀರೆ ಉಳಿಯಿತು. ರೇಷ್ಮೆಯ ಟೋಪಿತೆನಿ ಸೆರಗು ಜಿಬ್ಬೆದ್ದಿತ್ತು. ಆದರೆ ನೂಲಿನ ಒಡಲು ಒಗೆದು ಒಗೆದು ಬೆಣ್ಣೆಯಂತಾಗಿತ್ತು. ದೊಡ್ಡ ಪಾತೇಲಿ ಕೊಡುತ್ತೇನೆ ಎಂದಳು. ಮುಚ್ಚಳವನ್ನೂ ಸೇರಿಸುತ್ತೇನೆ ಎಂದಳು. ನನ್ನ ಕೈ ಸೀರೆಯನ್ನು ಬಿಡಲಿಲ್ಲ. ಮನಸ್ಸು ಮೂರು ವರ್ಷದಿಂದ "ಆಗುವುದಿಲ್ಲ" ಎನ್ನುತ್ತಿತ್ತು. ಆದರೆ ಹೆಬ್ಬೆರಳು ತೋರುಬೆರಳುಗಳು ಆ ಬಟ್ಟೆಯನ್ನು ತಿಕ್ಕಿ ನೋಡಿ, ನಡುವಿನ ಪದರಕ್ಕೆ ಒಳ್ಳೆಯದು ಎಂದು ಆಗಲೇ ತೀರ್ಮಾನಿಸಿದ್ದವು. ಬಿಟ್ಟುಬಿಟ್ಟಿದ್ದೇನೆ ಎನ್ನುವವರು ತಮ್ಮ ಮನಸ್ಸನ್ನು ಕೇಳುವ ಬದಲು ಕೈಯನ್ನು ಕೇಳುವುದು ಲೇಸು. ಕೈ ಸುಳ್ಳು ಹೇಳುವುದಿಲ್ಲ.

ಆದರೂ ಹೊಲಿಯಲು ಕೂಡಲಿಲ್ಲ. ಉಳಿಸಿಕೊಂಡ ಸೀರೆ ಕಪಾಟಿನಲ್ಲಿ ಉಳಿಯಿತು. ಉತ್ಸಾಹ ಬರಲಿ ಎಂದು ಕಾಯುತ್ತಿದ್ದೆ, ಬಸ್ ಸ್ಟಾಪಿನಲ್ಲಿ ನಿಂತವರಂತೆ.

2024ರ ಮಳೆಗಾಲದಲ್ಲಿ, ನಮ್ಮ ಮನೆಯ ಕೆಲಸಕ್ಕೆ ಬರುವ ಹೆಂಗಸು ಒಂದು ದಿನ ಪಾತ್ರೆ ತೊಳೆಯುತ್ತ, "ಅಮ್ಮಾರ, ಹಳೀ ನೂಲಿನ ಸೀರಿ ಇದ್ರ ಕೊಡ್ರಿ, ಮಗಳು ಹಡದಾಳ, ಕೂಸಿಗೆ ಕೌದಿ ಬೇಕಾಗ್ಯದ" ಎಂದಳು. ಯಾದಗಿರಿಯ ಕಡೆಯವಳು, ಕಟ್ಟಡದ ಕೆಲಸಕ್ಕೆಂದು ಗಂಡನೊಡನೆ ಇಲ್ಲಿಗೆ ಬಂದವಳು. ಹುಟ್ಟಿದ ಕೂಸಿಗೆ ಹೊಸ ಬಟ್ಟೆಗಿಂತ ಹಿರಿಯರು ಉಟ್ಟು ಮೆತ್ತಗಾದ ಬಟ್ಟೆಯೇ ಹಿತವೆಂಬುದು ನಮ್ಮ ಕಡೆಯ ಎಲ್ಲರೂ ಬಲ್ಲ ಮಾತು. ಕುಲಾವಿ, ಕುಂಚಿಗೆಗಳ ಒಳಪದರಕ್ಕೆ ಅಜ್ಜಿಯ ಸೀರೆ ಹುಡುಕುವ ಮನೆಗಳನ್ನು ನಾನೇ ಕಂಡಿದ್ದೇನೆ. ಇಳಕಲ್ ಸೀರೆ ತಂದುಕೊಟ್ಟೆ. ಅವಳು ಅದನ್ನು ಮಡಿಸಿ ಇಟ್ಟು, "ರಾತ್ರಿ ಹೊಲಿತೀನ್ರಿ" ಎಂದಳು. ನಾಲ್ಕು ಮನೆಯ ಕೆಲಸ ಮುಗಿಸಿ, ಅಡಿಗೆ ಮಾಡಿ, ಆಮೇಲೆ ಸೂಜಿ ಹಿಡಿಯುವವಳು. ನಾನು ಏನು ಯೋಚಿಸಿದೆನೋ ತಿಳಿಯದು, "ಭಾನುವಾರ ಬಾ, ಇಬ್ಬರೂ ಕೂಡಿ ಹೊಲಿಯೋಣು" ಎಂದುಬಿಟ್ಟೆ.

ಭಾನುವಾರ ಬಂದಳು. ನೆಲದ ಮೇಲೆ ಬಟ್ಟೆ ಹಾಸಿದೆವು, ಕಚ್ಚಾ ಹೊಲಿಗೆ ಹಾಕಿದೆವು. ಅವಳ ಕೈ ನನ್ನ ಕೈಗಿಂತ ಎರಡು ಪಟ್ಟು ಚುರುಕು. ಹೊಲಿಗೆ ಒರಟು, ಉದ್ದ, ಆದರೆ ಗಟ್ಟಿ. ನಾನು ಸಾಲು ನೇರ ಮಾಡುತ್ತ ಕೂತಿದ್ದನ್ನು ಸ್ವಲ್ಪ ಹೊತ್ತು ನೋಡಿ ಕೇಳಿದಳು: "ಅಮ್ಮಾರ, ನಿಮಗ್ಯಾಕ ಇದು ಹೊಲಿಯೂ ದರಕಾರ? ನಿಮ್ಮ ಮನ್ಯಾಗ ಏನು ಕಮ್ಮಿ ಅದ?"

ವ್ಯಂಗ್ಯವಿರಲಿಲ್ಲ, ಅವಳಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ನನಗೆ ಉತ್ತರ ಹೊಳೆಯಲಿಲ್ಲ. ಅವಳಿಗೆ ಕೌದಿ ಬೇಕು, ಹೊಲಿಯುತ್ತಾಳೆ. ಉತ್ಸಾಹದ ಪ್ರಶ್ನೆಯೇ ಅವಳಿಗೆ ಏಳುವುದಿಲ್ಲ. ಅದನ್ನು ದೊಡ್ಡ ಗುಣವೆಂದು ಹೊಗಳುವುದೂ ತಪ್ಪು; ಬೇಸರವಾದರೂ ಬಿಡಲು ಬಾರದ ಸ್ಥಿತಿ ಎಂಥದೆಂಬುದನ್ನು ಅಕ್ಕನ 1982ನೆಯ ವರ್ಷದಲ್ಲಿ ನಾನು ಕಂಡಿದ್ದೆ. ಬಡತನದ ಒತ್ತಾಯವನ್ನು ಸ್ಫೂರ್ತಿಯೆಂದು ಕರೆಯುವುದು ಹೊಟ್ಟೆ ತುಂಬಿದವರ ಅನ್ಯಾಯ. ಆದರೆ ಅವಳ ಪ್ರಶ್ನೆ ನನ್ನ ತಪ್ಪನ್ನು ತೋರಿಸಿತು. ಮೂರು ವರ್ಷ ನಾನು ನನ್ನನ್ನೇ ಕೇಳಿಕೊಳ್ಳುತ್ತಿದ್ದುದು, "ನನಗೆ ಮನಸ್ಸಿದೆಯೆ? ನನಗೆ ಸಂತೋಷ ಬರುತ್ತದೆಯೆ?" ಎಂದು. ಬಿಂದಿಗೆಯೊಳಗೆ ನೀರಿದೆಯೆ ಎಂದು ಇಣುಕಿ ಇಣುಕಿ ನೋಡುತ್ತಿದ್ದೆನೇ ಹೊರತು ಬಾವಿಗೆ ಹೋಗಿರಲಿಲ್ಲ. ಕೌದಿಗೆ ಇನ್ನೊಂದು ತುದಿಯಿದೆ. ಅಲ್ಲಿ ಅದನ್ನು ಹೊದೆಯುವ ಒಂದು ಜೀವವಿದೆ. ಆ ಕೂಸಿನ ಕಡೆಗೆ ಕಣ್ಣು ತಿರುಗಿದ ಆ ಮಧ್ಯಾಹ್ನ, ನನಗೆ ಮನಸ್ಸಿದೆಯೋ ಇಲ್ಲವೋ ಎಂಬುದನ್ನು ವಿಚಾರಿಸಿಕೊಳ್ಳಲು ನಾನು ಮರೆತಿದ್ದೆ. ಮೂರು ಗಂಟೆ ಕಳೆದಿದ್ದವು.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅನುಭವ ಮಂಟಪದ ಗೋಷ್ಠಿಯಲ್ಲಿ ಮೈಮರೆತು ಅಕ್ಕಿ ಆಯುವ ಕಾಯಕವನ್ನೇ ಮರೆತ ಗಂಡನನ್ನು ಲಕ್ಕಮ್ಮ ಎಚ್ಚರಿಸಿ ಕಳಿಸುತ್ತಾಳೆ. ಲಕ್ಕಮ್ಮ ಅವನಿಗೆ ಉತ್ಸಾಹದ ಮೇಲೆ ಉಪನ್ಯಾಸ ಕೊಡಲಿಲ್ಲ. ಕೆಲಸ ನಿಂತಿದೆ, ದಾಸೋಹ ಕಾದಿದೆ ಎಂಬುದನ್ನಷ್ಟೇ ನೆನಪಿಸಿದಳು. ಗಾಂಧೀಜಿಯವರು 1924ರಲ್ಲಿ ಯಂತ್ರಗಳ ಬಗ್ಗೆ ಮಾತಾಡುತ್ತ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿಯ ದಣಿವನ್ನು ನೋಡಲಾರದೆ, ಅವಳ ಮೇಲಿನ ಪ್ರೀತಿಯಿಂದ ಸಿಂಗರ್ ಅದನ್ನು ಮಾಡಿದನೆಂದು ಅವರ ನಂಬಿಕೆ. ಚರಿತ್ರೆಯ ಸಿಂಗರ್ ಅಷ್ಟು ಕೋಮಲ ಹೃದಯದ ಮನುಷ್ಯನಾಗಿರಲಿಲ್ಲ. ಅವನ ಕಣ್ಣು ಲಾಭದ ಮೇಲಿತ್ತು. ಅದಿರಲಿ. ಕೆಲಸವೊಂದಕ್ಕೆ ಮೂಲ ಯಾವುದಾಗಿರಬೇಕೆಂದು ಗಾಂಧೀಜಿ ಹುಡುಕಿದರೋ ಅದು ಗಮನಿಸತಕ್ಕದ್ದು. ಅವರು ಹುಡುಕಿದ್ದು ಮಾಡುವವನ ಸಂತೋಷವನ್ನಲ್ಲ, ಅವನ ಎದುರಿಗಿದ್ದ ಇನ್ನೊಬ್ಬರ ದಣಿವನ್ನು.

ಹಾಗಾದರೆ ಉಪಯೋಗವಿಲ್ಲದ ಹವ್ಯಾಸಕ್ಕೆ ಬೆಲೆಯಿಲ್ಲವೆ, ಕೋಣೆಯಲ್ಲಿ ಒಬ್ಬನೇ ಕೂತು ವೀಣೆ ನುಡಿಸುವವನು ಯಾರಿಗೆ ಹೊದಿಸುತ್ತಾನೆ, ಎಂದು ನೀವು ಕೇಳಬಹುದು. ಸರಿಯಾದ ಆಕ್ಷೇಪಣೆ. ನಾನು ಹೇಳುವುದು ಉಪಯೋಗದ ಮಾತಲ್ಲ. ವೀಣೆಯವನ ಎದುರಿಗೂ ರಾಗವೊಂದು ಇರುತ್ತದೆ. ಅದನ್ನು ಕಲಿಸಿದ ಗುರುವಿನ ನೆನಪು ಇರುತ್ತದೆ. ಅವನ ಗಮನ ಆ ರಾಗದ ಮೇಲಿದ್ದಷ್ಟು ಹೊತ್ತು ಸಂತೋಷ ತಾನಾಗಿ ಬಂದು ಪಕ್ಕದಲ್ಲಿ ಕೂಡುತ್ತದೆ. "ಬಂದೆಯಾ?" ಎಂದು ತಿರುಗಿ ನೋಡಿದರೆ ಎದ್ದು ಹೋಗುತ್ತದೆ. ಯಾವ ಹವ್ಯಾಸವೇ ಆಗಲಿ, ತನ್ನಿಂದ ಹೊರಗೆ ಒಂದನ್ನು ನೋಡಲು ಕಲಿಸದಿದ್ದರೆ ಅದು ಬಹಳ ದಿನ ಬಾಳುವುದಿಲ್ಲ. ಅಕ್ಕನನ್ನು ಒಮ್ಮೆ ಕೇಳಿದ್ದೆ, "ಇಷ್ಟು ಕೌದಿ ಯಾರಿಗೆ ಹೊಲಿಯಾಕತ್ತೀಯಬೇ?" ಎಂದು. ಮಕ್ಕಳು, ಮೊಮ್ಮಕ್ಕಳಿಗೆಲ್ಲ ಕೊಟ್ಟಾಗಿತ್ತು. ಅವಳು ತಲೆಯೆತ್ತದೆ ಹೇಳಿದಳು, "ಹೊಲಿದಿಟ್ಟರ ಹೊದಿಯವರು ಬರತಾರ." ಹೊದೆಯುವವರು ಇನ್ನೂ ಕಣ್ಣಿಗೆ ಕಾಣದಿದ್ದರೂ ಚಳಿ ಬರುತ್ತದೆ, ಜನ ಬರುತ್ತಾರೆ ಎಂಬ ನಂಬಿಕೆ ಅದು.

ಕೂಸಿನ ಕೌದಿ ಮೂರು ಭಾನುವಾರಗಳಲ್ಲಿ ಮುಗಿಯಿತು. ಮರುದಿನ ನಾನು ಮಂಚದ ಕೆಳಗಿನ ಟ್ರಂಕನ್ನು ಎಳೆದೆ.

ಅಕ್ಕನಿಗೆ ಒಂದು ನಿಯಮವಿತ್ತು. ಎಷ್ಟೇ ಅವಸರವಿರಲಿ, ಅವಳು ಬರಿಯ ಸೂಜಿಯನ್ನು ಇಟ್ಟು ಏಳುತ್ತಿರಲಿಲ್ಲ. ದಾರ ಮುಗಿದಿದ್ದರೆ ಹೊಸ ದಾರ ಪೋಣಿಸಿ, ಸೂಜಿಯನ್ನು ಮುಂದಿನ ಹೊಲಿಗೆಯ ಜಾಗದಲ್ಲಿ ಚುಚ್ಚಿಯೇ ಏಳುತ್ತಿದ್ದಳು. "ಬರೀ ಸೂಜಿ ಇಟ್ಟ ಏಳಬ್ಯಾಡ. ನಾಳೆ ಕೂಡಾಕ ಮನಸ ಬರೂದಿಲ್ಲ" ಎನ್ನುತ್ತಿದ್ದಳು. ವಯಸ್ಸಾದ ಕಣ್ಣಿಗೆ ಹೊಲಿಯುವುದಕ್ಕಿಂತ ಸೂಜಿಗೆ ದಾರ ಪೋಣಿಸುವುದೇ ಕಷ್ಟ. ಆರಂಭದ ಆ ಕಷ್ಟವನ್ನು ಹಿಂದಿನ ದಿನವೇ ಮುಗಿಸಿಡುವ ಜಾಣತನ ಅದು. ನಾನು ಅದನ್ನು ಮುದುಕಿಯ ಹಟವೆಂದು ನಗುತ್ತಿದ್ದೆ.

ಕೌದಿಯನ್ನು ಬಿಡಿಸಿದೆ. ಅವಳ ಬದಿಯಲ್ಲಿ, ಕೊನೆಯ ಸಾಲಿನ ತುದಿಯಲ್ಲಿ, ದಾರ ಪೋಣಿಸಿದ ಸೂಜಿ ಹಾಗೆಯೇ ಇತ್ತು. ನನ್ನ ಬದಿಯಲ್ಲಿ ಸೂಜಿಯೇ ಇರಲಿಲ್ಲ. ಮುಂಬಯಿಯ ಹವೆಗೆ ಅವಳ ಸೂಜಿ ತುಕ್ಕು ಹಿಡಿದು, ಬಟ್ಟೆಯ ಮೇಲೆ ಕಂದು ಬಣ್ಣದ ಗೆರೆ ಬಿಟ್ಟಿತ್ತು. ಮೆಲ್ಲಗೆ ಎಳೆದೆ, ಬರಲಿಲ್ಲ. ಎಣ್ಣೆ ಹಚ್ಚಿ ಎಳೆದಾಗ ಬಂದಿತು. ಬಹಳ ಹೊತ್ತು ಹಾಗೆಯೇ ಕೂತಿದ್ದೆ. ಮುಗಿಸದೆ ಇಟ್ಟರೆ ಅವಳು ಉಳಿಯುತ್ತಾಳೆಂದು ನಾನು ನಂಬಿದ್ದೆ. ಅವಳೋ, ಮರುದಿನ ಬಂದು ಕೂಡುವವರಿಗಾಗಿ ದಾರ ಪೋಣಿಸಿ ಇಟ್ಟಿದ್ದಳು. ಅವಳ ಇಚ್ಛೆ ಏನಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಹೊಸ ಸೂಜಿ ತಂದು, ಅವಳ ದಾರದ ತುದಿಗೆ ನನ್ನ ದಾರವನ್ನು ಗಂಟು ಹಾಕಿ, ಅವಳ ಬದಿಯಿಂದಲೇ ಮುಂದುವರಿಸಿದೆ. ಗಂಟು ಎದ್ದು ಕಾಣುತ್ತದೆ. ಕಾಣಲಿ.

ಇದನ್ನು ಓದಿ, ಇನ್ನು ಮೇಲೆ ನಾನು ದಿನವೂ ಉತ್ಸಾಹದಿಂದ ಹೊಲಿಯುತ್ತೇನೆಂದು ಯಾರೂ ಭಾವಿಸಬಾರದು. ಎಷ್ಟೋ ಶನಿವಾರ ಬೇಸರವೇ ಬರುತ್ತದೆ; ಮೊಣಕಾಲು ನೋಯುತ್ತದೆ, ಕಣ್ಣು ಮಂಜಾಗುತ್ತದೆ. ಮನಸ್ಸು ಗಾಳಿಯಂತೆ ಹಿಡಿತಕ್ಕೆ ಸಿಗದೆಂದು ಅರ್ಜುನ ಗೋಳಾಡಿದಾಗ ಕೃಷ್ಣ ಸೂಚಿಸಿದ ಉಪಾಯಗಳು ಎರಡು: ಅಭ್ಯಾಸ, ವೈರಾಗ್ಯ. ಅಷ್ಟು ದೊಡ್ಡ ಉಪದೇಶವನ್ನು ನನ್ನ ಸಣ್ಣ ಸೂಜಿಗೆ ಹೀಗೆ ಹೊಂದಿಸಿಕೊಂಡಿದ್ದೇನೆ. ಅಭ್ಯಾಸವೆಂದರೆ, ಶನಿವಾರ ಎರಡು ಗಂಟೆಗೆ ಕೂಡುವುದು, ಮನಸ್ಸು ಬಂದರೂ ಬಾರದಿದ್ದರೂ ಏಳು ಸಲ ದಾರ ಪೋಣಿಸುವಷ್ಟು ಹೊಲಿಯುವುದು, ಆಮೇಲೆ ಏಳುವುದು. ವೈರಾಗ್ಯವೆಂದರೆ, ಸಾಲು ಸೊಟ್ಟಗಾದರೆ ಬಿಚ್ಚದಿರುವುದು.

ಕೌದಿಯ ನಡುವೆ ಈಗ ಒಂದು ಗೇಣಿನಷ್ಟು ಜಾಗ ಮಾತ್ರ ಉಳಿದಿದೆ. ಅದನ್ನು ಯಾರಿಗೆ ಹೊದಿಸುವುದೆಂದು ತೀರ್ಮಾನಿಸಿಲ್ಲ. ಡೊಂಬಿವಲಿಯ ಚಳಿ ದೊಡ್ಡದಲ್ಲ. ಡಿಸೆಂಬರಿನಲ್ಲಿ ನಾಲ್ಕು ದಿನ ಬಂದು ಹೋಗುತ್ತದೆ. ಆದರೂ ಬರುತ್ತದೆ. ಹೋದ ಶನಿವಾರ ಏಳುವಾಗ ದಾರ ಮುಗಿದಿತ್ತು. ಕಿಟಕಿಯ ಬೆಳಕಿಗೆ ಹಿಡಿದು, ನಾಲ್ಕನೆಯ ಪ್ರಯತ್ನಕ್ಕೆ ಹೊಸ ದಾರ ಪೋಣಿಸಿ, ಸೂಜಿಯನ್ನು ಮುಂದಿನ ಹೊಲಿಗೆಗೆ ಚುಚ್ಚಿಟ್ಟು ಎದ್ದೆ.